ಕ್ರಿ.ಶ. 9ರಲ್ಲಿ ಟ್ಯೂಟೊಬರ್ಗ್ ಕಾಡಿನಲ್ಲಿ ರೋಮನ್ ಸೇನೆ ಜರ್ಮನಿಕ್ ಬುಡಕಟ್ಟುಗಳ ಎದುರು ಸೋತಿದ್ದು ಹೇಗೆ?

ಒಂದೇ ಮಾತಲ್ಲಿ ಹೇಳಬೇಕಂದ್ರೆ, ನಂಬಿದವನೇ ಕೈಕೊಟ್ಟ. ಕಾಡು, ಮಳೆ ಎಲ್ಲ ಆಮೇಲಿನ ಮಾತು.

ಆ ವ್ಯಕ್ತಿಯ ಹೆಸರು ಅರ್ಮಿನಿಯಸ್. ಚೆರುಸ್ಕಿ ಅನ್ನೋ ಜರ್ಮನಿಕ್ ಬುಡಕಟ್ಟಿನ ನಾಯಕನ ಮಗ. ರೋಮನ್ ಸೇನೆಯಲ್ಲೇ ಪಳಗಿದವನು, ರೋಮಿನ ಪೌರತ್ವವೂ ಇತ್ತು. ಆ ಸೇನೆ ಬಯಲಲ್ಲಿ ಸಾಲುಗಟ್ಟಿ ನಿಂತರೆ ಗೆಲ್ಲೋದು ಕಷ್ಟ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ದೂರದಲ್ಲಿ ದಂಗೆ ಎದ್ದಿದೆ ಅಂತ ನಂಬಿಸಿ, ರೋಮಿನ ರಾಜ್ಯಪಾಲ ವಾರಸ್‌ನನ್ನು ಕಾಡುದಾರಿಗೆ ತಿರುಗಿಸಿದ. ಅದೇ ಬುಡಕಟ್ಟಿನ ಸೆಗೆಸ್ಟಸ್ ಮೊದಲೇ ಎಚ್ಚರಿಸಿದ್ದ. ವಾರಸ್ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಪ್ರಕಾರ ಸೋಲು ಅಲ್ಲೇ ಶುರುವಾಯಿತು.

ಮೂರು ಲೀಜನ್‌ಗಳು (ರೋಮನ್ ಸೇನೆಯ ದೊಡ್ಡ ತುಕಡಿಗಳು), ಜೊತೆಗೆ ಗಾಡಿ, ಹೆಂಗಸರು, ಮಕ್ಕಳು. ಸಾಲು ಮೈಲಿಗಟ್ಟಲೆ ಉದ್ದವಾಯಿತು. ಜರ್ಮನಿಕ್ ಬುಡಕಟ್ಟಿನವರು ಕೆಲವು ದಿನಗಳ ಕಾಲ ಅಲ್ಲಲ್ಲಿ ಮೇಲೆ ಬಿದ್ದು ಹೊಡೆದರು. ವಾರಸ್ ತನ್ನ ಕತ್ತಿಯಿಂದಲೇ ಜೀವ ಬಿಟ್ಟ. ಹೀಗೆ ಸೋತ 17, 18, 19ನೇ ಲೀಜನ್‌ಗಳ ಸಂಖ್ಯೆಯನ್ನು ರೋಮ್ ಮತ್ತೆಂದೂ ಬಳಸಲಿಲ್ಲ.

ಈ ಕದನದ ಜಾಗ ಅಂತ ಹೆಚ್ಚಿನವರು ಒಪ್ಪುವುದು ಜರ್ಮನಿಯ ಕಾಲ್ಕ್ರೀಸೆಯನ್ನು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಜೌಗು. ಅಲ್ಲಿ ಒಂದು ಹೇಸರಗತ್ತೆಯ ಅಸ್ಥಿ ಸಿಕ್ಕಿತು. ಕೊರಳ ಗಂಟೆಯೊಳಗೆ ಹುಲ್ಲು ತುರುಕಿತ್ತು, ಸದ್ದಾಗದಿರಲಿ ಅಂತ ಇರಬೇಕು. ಆ ರೋಮನ್ನರ ಭಯ ಎಷ್ಟಿತ್ತು ಅಂತ ಹೇಳೋಕೆ ಅದೊಂದೇ ಸಾಕು ಅಲ್ವಾ?

ಮುಂದೆ ರೋಮನ್ ಸೇನಾಪತಿ ಜರ್ಮಾನಿಕಸ್ ಸೇಡಿಗೆ ದಂಡೆತ್ತಿ ಬಂದು ಕೆಲವು ಕದನ ಗೆದ್ದ. ಆದರೂ ಚಕ್ರವರ್ತಿ ಟೈಬೀರಿಯಸ್ ಅವನನ್ನು ವಾಪಸ್ ಕರೆಸಿಕೊಂಡ. ಅರ್ಮಿನಿಯಸ್‌ನನ್ನು ಕೊನೆಗೆ ಕೊಂದಿದ್ದು ರೋಮನ್ನರಲ್ಲ, ಅವನ ನೆಂಟರೇ.