ಕೆಳದಿಯಂಥ ಸಣ್ಣ ಊರಲ್ಲಿ ಮ್ಯೂಸಿಯಂ ಯಾಕಿದೆ?

ಜೋಗಕ್ಕೆ ಹೋಗುವಾಗ ಕೆಳದಿ ಮ್ಯೂಸಿಯಂ ನೋಡಬೇಕಾ, ಅಷ್ಟು ಸಣ್ಣ ಹಳ್ಳಿಯಲ್ಲಿ ಅದು ಯಾಕಿದೆ ಅಂತ ಕೇಳಿದ್ದೀರಿ. ಜೊತೆಗೆ ನಿಮ್ಮ ಅಜ್ಜನ ಮನೆ ಅಟ್ಟದಲ್ಲಿರುವ ಓಲೆಗರಿ, ಅಂದರೆ ತಾಳೆಗರಿ ಹಸ್ತಪ್ರತಿ, ಕಟ್ಟಿನ ಬಗ್ಗೆಯೂ. ನಾನು ಸಾಗರದ ಕಡೆಯವನು, ಗೊತ್ತಿರುವಷ್ಟು ಹೇಳುತ್ತೇನೆ.

ಖಂಡಿತ ನೋಡಿ. ಸಾಗರದಿಂದ ಏಳೆಂಟು ಕಿಲೋಮೀಟರ್ ಅಷ್ಟೇ.

ಊರು ಈಗ ಸಣ್ಣದು, ಆದರೆ ಕೆಳದಿ ನಾಯಕರ ಆಳ್ವಿಕೆ ಶುರುವಾಗಿದ್ದೇ ಇಲ್ಲಿ, 1499ರ ಸುಮಾರಿಗೆ. ಆಮೇಲೆ ರಾಜಧಾನಿ ಇಕ್ಕೇರಿಗೆ ಹೋಯಿತು, ಅಲ್ಲಿಂದ ಬಿದನೂರಿಗೆ, ಅಂದರೆ ಈಗಿನ ನಗರಕ್ಕೆ. 1763ರಲ್ಲಿ ಹೈದರಾಲಿ ಬಿದನೂರು ಹಿಡಿದ ಮೇಲೆ ಎಲ್ಲ ಮುಗಿಯಿತು. ಅರಮನೆಯೇ ಹೋದ ಮೇಲೆ ಕಾಗದಪತ್ರ ಎಲ್ಲಿ ಉಳಿಯುತ್ತೆ ಹೇಳಿ? ಮಠದಲ್ಲಿ, ದೇವಸ್ಥಾನದಲ್ಲಿ, ಶಾನುಭೋಗರ ಪೆಟ್ಟಿಗೆಯಲ್ಲಿ, ಜೋಯಿಸರ ಮನೆ ಅಟ್ಟದಲ್ಲಿ. ಮಲೆನಾಡಿನ ಮಳೆ, ಗೆದ್ದಲು, ಅಡುಗೆಮನೆ ಹೊಗೆ ಎಲ್ಲ ತಡೆದುಕೊಂಡು ಉಳಿದಿದ್ದೇ ಹೆಚ್ಚು.

ಅದನ್ನು ಹುಡುಕಿ ಒಂದು ಕಡೆ ಸೇರಿಸಿದವರು ಇದೇ ಊರಿನ ಇತಿಹಾಸ ಸಂಶೋಧಕ ಕೆಳದಿ ಗುಂಡಾಜೋಯಿಸರು. ದೊಡ್ಡ ಕಟ್ಟಡ, ಸರ್ಕಾರದ ಯೋಜನೆ ಅಂತ ಶುರುವಾದದ್ದಲ್ಲ ಈ ಮ್ಯೂಸಿಯಂ. ಮನೆಯಲ್ಲಿದ್ದ ಹಳೆಯ ಸಂಗ್ರಹ, ಸುತ್ತಲಿನ ಮನೆಗಳಿಂದ ಕೇಳಿ ತಂದದ್ದು, ಹೀಗೇ ಬೆಳೆಯಿತು. ಮುಂದೆ ಕುವೆಂಪು ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂತು. ಜೋಯಿಸರು 2024ರಲ್ಲಿ ತೀರಿಕೊಂಡರು. ಒಬ್ಬ ಮನುಷ್ಯ ತನ್ನ ಊರಿಗಾಗಿ ಇಷ್ಟು ಮಾಡಬಹುದಾ ಅಂತ ನನಗೆ ಈಗಲೂ ಆಶ್ಚರ್ಯ, ಯಾಕಂದರೆ ಅಟ್ಟದ ಕಸ ಅಂತ ಹೊಳೆಗೆ ಬಿಡುತ್ತಿದ್ದ ಕಾಲದಲ್ಲಿ ಹೋಗಿ "ಅದನ್ನು ಕೊಡಿ" ಅಂತ ಕೇಳುವುದು ಸುಲಭದ ಮಾತಲ್ಲ.

ಒಳಗೆ ಹೋದರೆ ಕತ್ತಿ, ನಾಣ್ಯ ಎಲ್ಲ ಇವೆ, ಮಕ್ಕಳು ಮೊದಲು ಓಡುವುದೂ ಅಲ್ಲಿಗೇ. ನೀವು ಮಾತ್ರ ಓಲೆಗರಿ ಹತ್ತಿರ ಸ್ವಲ್ಪ ನಿಲ್ಲಿ. ಗರಿಯ ಮೇಲೆ ಶಾಯಿಯಲ್ಲಿ ಬರೆಯುತ್ತಿರಲಿಲ್ಲ. ಕಬ್ಬಿಣದ ಕಂಟದಿಂದ ಅಕ್ಷರ ಕೊರೆದು, ಆಮೇಲೆ ಎಣ್ಣೆಯಲ್ಲಿ ಕಲಸಿದ ಕಾಡಿಗೆ ಸವರಿ ಒರೆಸಿದರೆ ಗೀರಿನೊಳಗೆ ಮಾತ್ರ ಕಪ್ಪು ನಿಲ್ಲುತ್ತದೆ. ತೂತಿಗೆ ದಾರ ಪೋಣಿಸಿ, ಮೇಲೆ ಕೆಳಗೆ ಮರದ ಪಟ್ಟಿ ಇಟ್ಟು ಕಟ್ಟುತ್ತಿದ್ದರು. ನಮ್ಮ ಕಡೆಯ ಸಂಸ್ಕೃತ ಗರಿಗಳಲ್ಲಿ ಬಹಳಷ್ಟು ತಿಗಳಾರಿ ಲಿಪಿಯವು. ಓದಬಲ್ಲವರು ತೀರಾ ಕಡಿಮೆ. ಈ ಲಿಪಿ ಯುನಿಕೋಡ್‌ಗೆ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಬಳಸಲು ಇರುವ ಪಟ್ಟಿಗೆ, ಸೇರಿದ್ದೇ 2024ರಲ್ಲಿ, ತುಳು-ತಿಗಳಾರಿ ಅನ್ನುವ ಹೆಸರಲ್ಲಿ.

ಹಾಗೇ ಪಕ್ಕದ ರಾಮೇಶ್ವರ, ವೀರಭದ್ರ ದೇವಸ್ಥಾನಕ್ಕೂ ಹೋಗಿ. ವೀರಭದ್ರ ಗುಡಿಯ ಚಾವಣಿಯಲ್ಲಿ ಗಂಡಭೇರುಂಡ ಇದೆ, ತಲೆ ಎತ್ತಿ ನೋಡದಿದ್ದರೆ ತಪ್ಪಿಹೋಗುತ್ತೆ. ಶಿವಾಜಿಯ ಮಗ ರಾಜಾರಾಮ ಔರಂಗಜೇಬನಿಂದ ತಪ್ಪಿಸಿಕೊಂಡು 1689ರಲ್ಲಿ ಈ ಸೀಮೆಗೆ ಬಂದಾಗ ಆಸರೆ ಕೊಟ್ಟವಳು ಕೆಳದಿಯ ರಾಣಿ ಚೆನ್ನಮ್ಮ. ಕಿತ್ತೂರು ಚೆನ್ನಮ್ಮ ಬೇರೆ, ಇವಳು ಅವಳಿಗಿಂತ ನೂರು ವರ್ಷಕ್ಕೂ ಹಿಂದಿನವಳು. ಈ ಕಥೆ ಗೊತ್ತಿದ್ದು ಊರು ಸುತ್ತಿದರೆ ನೋಡುವ ಕಣ್ಣೇ ಬೇರೆ.

ಇನ್ನು ನಿಮ್ಮ ಅಟ್ಟದ ಕಟ್ಟು. ದಯವಿಟ್ಟು ನೀರು ತಾಗಿಸಬೇಡಿ, ಒದ್ದೆ ಬಟ್ಟೆಯಲ್ಲೂ ಒರೆಸಬೇಡಿ. ಅಂಟಿಕೊಂಡ ಗರಿಗಳನ್ನು ಬಿಡಿಸಲು ಹೋಗಬೇಡಿ, ಮುರಿದೇ ಹೋಗುತ್ತವೆ. ದಾರ ಬಿಚ್ಚಿ ಸುಮ್ನೆ ಕಲಸಿದರೆ ಕ್ರಮವೇ ತಪ್ಪಿಹೋಗಿ ಓದುವವರಿಗೆ ಕಷ್ಟ. ಬಿಚ್ಚದೆಯೇ ಮೇಲಿನಿಂದ ನಾಲ್ಕೈದು ಫೋಟೋ ತೆಗೆದುಕೊಳ್ಳಿ, ಯಾವ ಮನೆ, ಯಾವ ಊರು ಅಂತ ಒಂದು ಚೀಟಿ ಬರೆದಿಡಿ, ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ. ಆ ಫೋಟೋ ತೆಗೆದುಕೊಂಡೇ ಕೆಳದಿಗೆ ಹೋಗಿ ತೋರಿಸಿ. ಕಟ್ಟನ್ನು ಕೊಡುವುದು ಬಿಡುವುದು ಮನೆಯವರೆಲ್ಲ ಕೂತು ಆಮೇಲೆ ಮಾತಾಡಿಕೊಳ್ಳಿ. ಮೊದಲು ಅದರಲ್ಲಿ ಏನಿದೆ ಅಂತ ಗೊತ್ತಾಗಲಿ.