ತೋಟ ಬಿಟ್ಟು ಬಂದೆ ಅಂತ ಕೊರಗುತ್ತಿರುವ ತಮ್ಮನಿಗೆ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ವಯಸ್ಸು 24, ಓದಲು ಬರ್ಲಿನ್‌ಗೆ ಬಂದು ಮೂರು ತಿಂಗಳು. ಬಾಳೆಹೊನ್ನೂರಿನ ಹತ್ತಿರ ಅಪ್ಪ ಒಬ್ಬರೇ ಕಾಫಿ ತೋಟ ನೋಡಿಕೊಳ್ಳುತ್ತಿದ್ದಾರೆ. 'ಬಂದು ತಪ್ಪು ಮಾಡಿದೆನಾ ಅಕ್ಕಾ?' ಅಂತ ಕೇಳಿದ್ದೀಯ. ನಾನು ಮೂಡಿಗೆರೆ ಕಡೆಯವಳು, ಇಲ್ಲಿಗೆ ಬಂದು 13 ವರ್ಷ ಆಯಿತು.

ಮೊದಲು ಒಂದು ಮಾತು. ಡಿಸೆಂಬರ್‌ನಲ್ಲಿ ಏನನ್ನೂ ತೀರ್ಮಾನ ಮಾಡಬೇಡ. ಇಲ್ಲಿ ಈಗ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಊರಲ್ಲಿ ಅರೇಬಿಕಾ ಕಾಫಿ ಕೊಯ್ಲು. ಕಣದ ಫೋಟೊ ಬಂದರೆ ಕರುಳು ಕಿವುಚಿದ ಹಾಗಾಗುತ್ತದೆ, ಅಲ್ವಾ? ಆದರೆ ಆಳು ಸಿಗದ ತಲೆನೋವು ಆ ಫೋಟೊದಲ್ಲಿ ಕಾಣುವುದಿಲ್ಲ.

ನನಗೂ ಪಶ್ಚಾತ್ತಾಪ ಇದೆ. ಬಂದಿದ್ದಕ್ಕಲ್ಲ. ಎರಡನೇ ವರ್ಷ ಅಜ್ಜಿ ಹಾಸಿಗೆ ಹಿಡಿದರು. ಟಿಕೆಟ್ ದುಡ್ಡು ಜಾಸ್ತಿ, ಬೇಸಿಗೆಗೆ ಹೋದರಾಯಿತು ಅಂತ ಸುಮ್ಮನಾದೆ. ಕಾಫಿ ಹೂವು ಅರಳಿಸುವ ಹೂಮಳೆ ಬೀಳುವ ಮುಂಚೆಯೇ ಹೋಗಿಬಿಟ್ಟರು. ನನಗೆ ಅಂತ ಮಿಡಿ ಉಪ್ಪಿನಕಾಯಿ ಎತ್ತಿಟ್ಟಿದ್ದರು. ಭರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಆಮೇಲೆ ನಾನೇ ಬಿಚ್ಚಿದೆ. ಗಂಟು ಅವರು ಹಾಕಿದ್ದು.

ಅಮೆರಿಕದ ಗಿಲೋವಿಚ್ ಮತ್ತು ಮೆಡ್ವೆಕ್ ಎಂಬ ಮನಶ್ಶಾಸ್ತ್ರಜ್ಞರು 1990ರ ದಶಕದಲ್ಲಿ ಇಂಥ ಪಶ್ಚಾತ್ತಾಪವನ್ನೇ ಅಧ್ಯಯನ ಮಾಡಿದ್ದರು. ಮಾಡಿದ ಕೆಲಸದ ಬೇಸರ ಹೊಸದರಲ್ಲಿ ಜಾಸ್ತಿ ಚುಚ್ಚುತ್ತದೆ. ವರ್ಷಗಳು ಕಳೆದ ಮೇಲೆ ಕಾಡುವುದು ಹೆಚ್ಚಾಗಿ ಮಾಡದೇ ಬಿಟ್ಟಿದ್ದು. ಓದಿದಾಗ ಆ ಭರಣಿ ನೆನಪಾಯಿತು.

ಅದಕ್ಕೇ ಕೇಳುತ್ತೇನೆ. ನಿನ್ನನ್ನು ಕೊರೆಯುತ್ತಿರುವುದು ಬಂದಿದ್ದಾ, ಬಂದ ಮೇಲೆ ಅಪ್ಪನ ಹತ್ತಿರ ಮಾತು ಕಡಿಮೆ ಮಾಡಿದ್ದಾ? ಫೋನ್ ಮಾಡಿದರೆ ಅಳು ಬರುತ್ತೆ, ಅದಕ್ಕೇ ಮಾಡುತ್ತಿಲ್ಲ ಅಂತ ನೀನೇ ಬರೆದಿದ್ದೀಯ. ಮಾಡು. ಇಲ್ಲಿ ಮಧ್ಯಾಹ್ನ ಎರಡು ಅಂದರೆ ಅಲ್ಲಿ ಸಂಜೆ ಆರೂವರೆ, ಅಪ್ಪ ಮನೆಗೆ ಬಂದಿರುತ್ತಾರೆ. 'ಹೇಗಿದ್ದೀರಾ' ಅಂದರೆ 'ಚೆನ್ನಾಗಿದ್ದೀನಿ' ಅನ್ನುವಷ್ಟಕ್ಕೇ ಮುಗಿಯುತ್ತದೆ. ಎಷ್ಟು ಮೂಟೆ ಆಯ್ತು, ಒಣಗಿತಾ, ಮೋಡ ಇದೆಯಾ ಅಂತ ಕೇಳು. ಅಳು ಬಂದರೆ ಬರಲಿ. ಅವರಿಗೆ ಗೊತ್ತಾದರೆ ಏನೂ ತಪ್ಪಿಲ್ಲ.

ವಾರಗಟ್ಟಲೆ ನಿದ್ದೆ, ಊಟ ಸೇರದಿದ್ದರೆ ಮಾತ್ರ ಸುಮ್ನೆ ಕೂರಬೇಡ. ಇಲ್ಲಿನ ವಿದ್ಯಾರ್ಥಿ ಕಲ್ಯಾಣ ಸಂಸ್ಥೆ ಶ್ಟುಡೀರೆಂಡೆನ್‌ವೆರ್ಕ್‌ನಲ್ಲಿ ವಿದ್ಯಾರ್ಥಿಗಳಿಗೆ ಆಪ್ತಸಲಹೆ ಉಚಿತ.

ಸಾಧ್ಯವಾದರೆ ಮಾರ್ಚ್ ಕೊನೆಗೆ ಒಂದು ಸಲ ಊರಿಗೆ ಹೋಗಿ ಬಾ. ಮಳೆ ಸರಿಯಾಗಿ ಬಿದ್ದರೆ ಎಂಟು ಹತ್ತು ದಿನಕ್ಕೆ ಹೂವು. ಅಪ್ಪನ ಜೊತೆ ತೋಟ ಸುತ್ತು. ಇಲ್ಲಿರಬೇಕಾ, ಅಲ್ಲಿರಬೇಕಾ ಅಂತ ಆಗ ಯೋಚಿಸು. ಅಲ್ಲೇ ಉಳಿಯಬೇಕು ಅನ್ನಿಸಿದರೂ ನಾಚಿಕೆ ಬೇಡ. ಟಿಕೆಟ್‌ಗೆ ದುಡ್ಡು ಕಡಿಮೆ ಬಿದ್ದರೆ ನನಗೆ ಹೇಳು.