ಪೆಚ್ಚೆರುವಿನಲ್ಲಿ ರಾತ್ರಿ ತಂಗಬಹುದಾ?

ಯುಗಾದಿಗೆ ಶ್ರೀಶೈಲ ಪಾದಯಾತ್ರೆ, ಜೊತೆಗೆ ಅಮ್ಮ, ದಾರಿಯಲ್ಲಿ ಸಿಗುವ ಪೆಚ್ಚೆರುವಿನಲ್ಲಿ ರಾತ್ರಿ ಉಳಿಯಬಹುದಾ ಅಂತ ಕೇಳಿದ್ದೀರಿ. ಉಳಿಯಬಹುದು. ಅಮ್ಮ ಇದ್ದಾರೆ ಅಂದ ಮೇಲೆ ಉಳಿಯಲೇಬೇಕು.

ಆದರೆ ಲಾಡ್ಜು, ರೂಮು ಅಂತೆಲ್ಲ ಅಂದುಕೊಳ್ಳಬೇಡಿ. ವೆಂಕಟಾಪುರ, ನಾಗಲೂಟಿ ದಾಟಿದ ಮೇಲೆ ನಲ್ಲಮಲ ಕಾಡಿನ ನಡುವೆ ಸಿಗುವ ಚೆಂಚು ಜನರ ಪುಟ್ಟ ಹಾಡಿ ಅದು, ಪಕ್ಕದಲ್ಲೊಂದು ಕೆರೆ, ಅಷ್ಟೇ. ಯಾತ್ರೆಯ ದಿನಗಳಲ್ಲಿ ಮಾತ್ರ ಊರೇ ಎದ್ದು ಬಂದ ಹಾಗಿರುತ್ತದೆ. ದಾಸೋಹದ ಪೆಂಡಾಲು, ದೊಡ್ಡ ಹಂಡೆಯಲ್ಲಿ ಅನ್ನ ಸಾರು, ಸುತ್ತ ಕಂಬಿ (ಹೆಗಲ ಮೇಲೆ ಹೊರುವ ಮಲ್ಲಯ್ಯನ ಕಾವಡಿ) ಹೊತ್ತವರ ಭಜನೆ. ಬಹಳ ಮಂದಿ ನಮ್ಮ ಉತ್ತರ ಕರ್ನಾಟಕದವರೇ, ಭಾಷೆಯ ಚಿಂತೆ ಬೇಡ. ಮಲಗುವುದು ಮರದ ಕೆಳಗೆ, ಹಾಗಾಗಿ ಚಾದರ, ಟಾರ್ಚು ಇರಲಿ. ಹುಲಿ ಕಾಡು, ಕತ್ತಲಲ್ಲಿ ಗುಂಪು ಬಿಟ್ಟು ಹೋಗಬೇಡಿ. ಈ ದಾರಿಯಲ್ಲಿ ಜನರನ್ನು ಬಿಡುವುದು ಶಿವರಾತ್ರಿ, ಯುಗಾದಿ ಹೊತ್ತಿಗೆ ಮಾತ್ರ, ತಾರೀಖು ಮೊದಲೇ ವಿಚಾರಿಸಿ.

ನಿಜವಾದ ಕಷ್ಟ ಮರುದಿನದ್ದು. ಭೀಮನ ಕೊಳ್ಳದಲ್ಲಿ ಕಡಿದಾಗಿ ಇಳಿದು, ಮತ್ತೆ ಶ್ರೀಶೈಲದ ಹತ್ತಿರದ ಕೈಲಾಸ ಬಾಗಿಲವರೆಗೆ ಹತ್ತುವುದೇ ಹತ್ತುವುದು (ಇದನ್ನೇ ಕೆಲವರು ಮರಗಾಲು ಕಟ್ಟಿಕೊಂಡು ಹತ್ತುತ್ತಾರೆ, ನೋಡಿದರೆ ಮೈ ಜುಮ್ ಅನ್ನುತ್ತದೆ). ಬಿಸಿಲೇರುವ ಮೊದಲೇ ಕೊಳ್ಳ ದಾಟುವ ಹಾಗೆ ನಸುಕಿನಲ್ಲಿ ಹೊರಡಿ. ಕೊಳ್ಳದೊಳಗೆ ಗಾಡಿ ಬರುವುದಿಲ್ಲ. ಅಮ್ಮನಿಗೆ ಮಂಡಿ ನೋವಿದ್ದರೆ ಸುಮ್ನೆ ಧೈರ್ಯ ಮಾಡಬೇಡಿ, ಕಾಡು ಹೊಗುವ ಮೊದಲು ಸಿಗುವ ಆತ್ಮಕೂರಿನಲ್ಲೇ ತೀರ್ಮಾನ ಮಾಡಿ. ಅಲ್ಲಿಂದ ದೋರ್ನಾಳ ಊರಿನ ಮೇಲೆ ಶ್ರೀಶೈಲಕ್ಕೆ ರಸ್ತೆ ಇದೆ, ಅವರು ಬಸ್ಸಿನಲ್ಲಿ ಬರಲಿ.